ಕಾನ್ವೆಂಟೋ ಜರ್ಮನಿಯೋ: ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳ ಪ್ರಕರಣ

(ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಲಾಗಿದೆ.)

ಕರಾವಳಿಯ ಕ್ಯಾಥೊಲಿಕ್ ಮನೆಯ ಹುಡುಗಿ, ವಯಸ್ಸು 22, ಬಿ.ಎಸ್ಸಿ. ನರ್ಸಿಂಗ್ ಕೊನೆಯ ಸೆಮಿಸ್ಟರ್. ತಂದೆ ರಿಕ್ಷಾ ಓಡಿಸುತ್ತಾರೆ; ಅಣ್ಣನಿಗೆ ಈಗಷ್ಟೇ ಕೆಲಸ ಸಿಕ್ಕಿದೆ. ಜೆಸಿಂತಾ ಎಂದು ಕರೆಯೋಣ. ಅವಳ ಪ್ರಶ್ನೆ ಒಂದೇ: "ದೇವರ ಚಿತ್ತ ಯಾವುದು, ಕಾನ್ವೆಂಟೋ ಜರ್ಮನಿಯೋ?" ಹದಿನೈದು ದಿನದೊಳಗೆ ಉತ್ತರ ಬೇಕಿತ್ತು. ಜರ್ಮನಿಯಲ್ಲಿ ನರ್ಸ್ ಆಗಲು ಬೇಕಾದ ಜರ್ಮನ್ ಕ್ಲಾಸಿಗೆ ಮುಂಗಡ ಕಟ್ಟಬೇಕು, ಅತ್ತ ದೈವಕರೆ (ಸನ್ಯಾಸಿನಿಯಾಗಲು ದೇವರ ಕರೆ) ಶಿಬಿರ ನಡೆಸಿದ ಸಿಸ್ಟರ್‌ಗಳೂ ಯಾವಾಗ ಬರುತ್ತೀ ಎಂದು ಕೇಳುತ್ತಿದ್ದರು. "ಮೊದಲು ಸಾಲ ತೀರಲಿ ಮಗಾ, ಆಮೇಲೆ ಎಲ್ಲಿಗಾದರೂ ಹೋಗು" ಎಂಬ ಅಮ್ಮನ ಮಾತು ಅವಳಿಗೆ ಬರೀ ಲೌಕಿಕವಾಗಿ ಕೇಳಿಸುತ್ತಿತ್ತು.

ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಡುವ ಪರೀಕ್ಷೆಯನ್ನು ಅವಳು ಮೂರು ಬಾರಿ ಮಾಡಿದ್ದಳು, ಮೂರು ಬಾರಿಯೂ ಬೇರೆ ಬೇರೆ ಉತ್ತರ. ಏಳು ಜನರ ಸಲಹೆ ಕೇಳಿದ್ದಳು. ಗೊಂದಲ ಹೆಚ್ಚಿತ್ತು, ಅಷ್ಟೇ.

ಆಪ್ತಸಲಹೆಗಾರರಾದ ನಾವು ಮೊದಲು ಕೇಳಿದ್ದು ನಿದ್ದೆಯ ಬಗ್ಗೆ. ಐಸಿಯು ಪೋಸ್ಟಿಂಗ್‌ನಲ್ಲಿ ತನ್ನದೇ ವಯಸ್ಸಿನ ರೋಗಿಯ ಸಾವು ನೋಡಿದ್ದಳು. ಅಲ್ಲಿಂದ ನಿದ್ದೆ ನಾಲ್ಕು ಗಂಟೆಗೆ ಇಳಿದಿತ್ತು; ಕಾನ್ವೆಂಟಿನ ಹಂಬಲ ಜೋರಾದದ್ದೂ ಅದೇ ವಾರಗಳಲ್ಲಿ. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿ, ಊಟ ಸೇರದೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಇಲ್ಲವೇ ಸಾಯುವ ಯೋಚನೆ ಬರುತ್ತಿದ್ದರೆ ಮೊದಲು ಮನೋವೈದ್ಯರು, ದೈವಕರೆಯ ಮಾತು ಆಮೇಲೆ. ಇವಳದ್ದು ಆ ಮಟ್ಟದ್ದಾಗಿರಲಿಲ್ಲ. ಆದರೂ ದಣಿವು ಯಾವುದು, ಕರೆ ಯಾವುದು ಎಂದು ಬಿಡಿಸಿ ನೋಡದೆ ಹೆಜ್ಜೆ ಇಡುವಂತಿರಲಿಲ್ಲ.

ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲ (1491–1556) ಕೊಟ್ಟ ನಿಯಮವೊಂದಿದೆ: ಮನಸ್ಸು ಒಣಗಿ ಕತ್ತಲಾಗಿರುವಾಗ ಹೊಸ ನಿರ್ಧಾರ ಬೇಡ, ಹಿಂದಿನದನ್ನು ಬದಲಿಸುವುದೂ ಬೇಡ. ಅದರಂತೆ ಮೂರು ವಾರ ಯಾರಿಗೂ 'ಹೂಂ' ಅನ್ನಬೇಡ ಎಂದೆವು. ಪ್ರತಿ ರಾತ್ರಿ ಹತ್ತು ನಿಮಿಷ, ನೋಟ್‌ಬುಕ್ಕಿನಲ್ಲಿ ಮೂರು ಸಾಲು: ಇಂದು ಮನಸ್ಸು ಎಲ್ಲಿ ಅರಳಿತು, ಎಲ್ಲಿ ಒಣಗಿತು, ಡ್ಯೂಟಿ ಯಾವುದಿತ್ತು. ಮೂರನೆಯ ಸಾಲನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆಮೇಲೆ ಓದುವಾಗ ರಾತ್ರಿಪಾಳಿಯ ಸುಸ್ತೂ ದೇವರ ಮೌನದಂತೆ ಕಾಣುತ್ತದೆ.

21 ದಿನದ ಪುಟಗಳನ್ನು ಒಟ್ಟಿಗೆ ಓದಿದೆವು. ಒಣಗಿದ ದಿನಗಳು ಬಹುಪಾಲು ರಾತ್ರಿಪಾಳಿಯವು. ಆದರೆ ಚೆನ್ನಾಗಿ ನಿದ್ದೆಯಾದ ರಜಾದಿನಗಳಲ್ಲೂ ಪ್ರಾರ್ಥನೆಯ ಬದುಕಿನ ಸೆಳೆತ ಇತ್ತು, ಗಾಬರಿಯಿಲ್ಲದೆ ಇತ್ತು. ಆಸ್ಪತ್ರೆಯಿಂದ ಓಡಿಹೋಗುವ ಆಸೆ ಮಾತ್ರ ಇದು ಎನ್ನುವಂತಿರಲಿಲ್ಲ. ಇದು ನಿಜವಾದ ಕರೆಯೇ ಎಂದು ತೀರ್ಪು ಕೊಡುವುದು ಆಪ್ತಸಲಹೆಗಾರರ ಕೆಲಸವೂ ಅಲ್ಲ. ಅದಕ್ಕಾಗಿ ಆ ಸಿಸ್ಟರ್‌ಗಳ ಸಭೆಗೆ ಸೇರದ, ಅವಳ ಸೇರ್ಪಡೆಯಿಂದ ಏನೂ ಆಗಬೇಕಿಲ್ಲದ ಒಬ್ಬ ಆಧ್ಯಾತ್ಮಿಕ ಮಾರ್ಗದರ್ಶಕರ ಬಳಿ ತಿಂಗಳಿಗೊಮ್ಮೆ ಹೋಗಲು ಹೇಳಿದೆವು.

ಸಾಲದ ಮಾತಿಗೆ ಬಂದಾಗ ಅವಳು ಅಚ್ಚರಿಪಟ್ಟಳು. ಕ್ಯಾಥೊಲಿಕ್ ಧರ್ಮಸಭೆಯ ಕಾನೂನು ಸಂಹಿತೆಯ 644ನೇ ಕ್ಯಾನನ್ (ವಿಧಿ), ತೀರಿಸಲಾಗದ ಸಾಲದ ಹೊರೆ ಇರುವವರನ್ನು ನೊವಿಷಿಯೇಟ್‌ಗೆ (ವ್ರತಕ್ಕೆ ಮುಂಚಿನ ತರಬೇತಿ ಅವಧಿಗೆ) ಸೇರಿಸಿಕೊಳ್ಳಬಾರದು ಎನ್ನುತ್ತದೆ. ಅಮ್ಮ ಹೇಳಿದ್ದೂ ಅದನ್ನೇ! ಇನ್ನೊಂದು ವಿಷಯವೂ ಅವಳಿಗೆ ಗೊತ್ತಿರಲಿಲ್ಲ: ಸೇರಿದ ದಿನವೇ ಬಾಗಿಲು ಮುಚ್ಚುವುದಿಲ್ಲ. ನೊವಿಷಿಯೇಟ್ ಕನಿಷ್ಠ 12 ತಿಂಗಳು, ಆಮೇಲೆ ತಾತ್ಕಾಲಿಕ ವ್ರತ ಕನಿಷ್ಠ 3 ವರ್ಷ, ಆಜೀವ ವ್ರತ ಅದಾದ ಮೇಲೆಯೇ.

ಕಾಗದದ ಮೇಲೆ ಲೆಕ್ಕ ಹಾಕಿದೆವು. ಸಾಲ ಬಡ್ಡಿ ಸೇರಿ 4 ಲಕ್ಷ, ದರ ಶೇ. 10.5. ಐದು ವರ್ಷಕ್ಕಾದರೆ ಕಂತು ತಿಂಗಳಿಗೆ ಸುಮಾರು 8,600 ರೂಪಾಯಿ. ಊರಿನ ಆಸ್ಪತ್ರೆ ಕೊಡುವುದಾಗಿ ಹೇಳಿದ ಸಂಬಳ 18,000. ಅಣ್ಣ ತಿಂಗಳಿಗೆ 5,000 ಸೇರಿಸಿದರೆ ಮೂರು ವರ್ಷದೊಳಗೆ ತೀರುತ್ತದೆ. ಅಣ್ಣನ ಮಾತು ಊಟದ ಹೊತ್ತಿನಲ್ಲಿ ಬಂದು ಹೋಗುವಂತಾಗಬಾರದು; ಬ್ಯಾಂಕಿನಲ್ಲಿ ಅವನ ಖಾತೆಯಿಂದಲೇ ಸ್ಥಾಯಿ ಸೂಚನೆ (ತಿಂಗಳು ತಿಂಗಳು ಹಣ ತಾನಾಗಿ ಹೋಗುವ ಏರ್ಪಾಡು) ಕೊಡಿಸಲು ತಿಳಿಸಿದೆವು. ಜರ್ಮನಿಗೂ ಅವಸರವಿರಲಿಲ್ಲ: ಅಲ್ಲಿ ನರ್ಸ್ ಆಗಿ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಹಂತದ (ಮಧ್ಯಮಕ್ಕಿಂತ ಮೇಲಿನ) ಜರ್ಮನ್ ಭಾಷೆ ಬೇಕು. ಅಷ್ಟು ಕಲಿಯಲು ತಿಂಗಳುಗಳೇ ಹಿಡಿಯುವಾಗ ಮುಂಗಡದ ಗಡುವಿಗೆ ಹೆದರಬೇಕಿಲ್ಲ.

ನಡುವೆ ಇಗ್ನೇಷಿಯಸರದೇ ಇನ್ನೊಂದು ಅಭ್ಯಾಸ ಮಾಡಿಸಿದೆವು. ನೀನು ಎಂದೂ ನೋಡಿರದ, ನಿನ್ನ ಸ್ಥಿತಿಯಲ್ಲೇ ಇರುವ ಹುಡುಗಿಗೆ ಏನು ಹೇಳುತ್ತೀ? ಒಂದು ನಿಮಿಷವೂ ತಗೊಳ್ಳಲಿಲ್ಲ: "ನರ್ಸಿಂಗ್ ಕೌನ್ಸಿಲ್ ನೋಂದಣಿ ಮಾಡಿಸಿಕೋ, ಕೆಲಸ ಮಾಡು, ಸಾಲ ಕಟ್ಟು." ಸ್ವಲ್ಪ ತಡೆದು, "ಕಾನ್ವೆಂಟಿಗೆ ಹೋಗಿ ಬರುವುದನ್ನು ಮಾತ್ರ ಬಿಡಬೇಡ."

ಹೋಗುವುದಾದರೆ ಹಬ್ಬದ ದಿನ ಬೇಡ, ಅಡುಗೆಮನೆಯೂ ಬಟ್ಟೆ ಒಗೆಯುವ ಕಲ್ಲೂ ಕಾಣುವ ಮಾಮೂಲಿ ದಿನ ಹೋಗು ಎಂದೆವು. ನರ್ಸಿಂಗ್ ಓದಿದವರನ್ನು ಆಸ್ಪತ್ರೆಗೇ ಕಳಿಸುತ್ತೀರಾ, ಮೂಲ ಅಂಕಪಟ್ಟಿ ಯಾರ ಬಳಿ ಇರುತ್ತದೆ, ಹೊರಟುಹೋದವರು ಹೇಗೆ ಹೋದರು ಎಂದೂ ಕೇಳಬೇಕು. ಕೊನೆಯ ಪ್ರಶ್ನೆಗೆ ಮುಖ ಗಂಟು ಹಾಕಿಕೊಳ್ಳುವ ಕಾನ್ವೆಂಟಾದರೆ ಯೋಚಿಸಬೇಕು.

ಸದ್ಯ ಅವಳು ಊರಿನ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿದ್ದಾಳೆ, ನಾಲ್ಕು ಕಂತು ಕಟ್ಟಿಯಾಗಿದೆ. ನೋಟ್‌ಬುಕ್ ಮುಂದುವರಿದಿದೆ. ಮುಂದಿನ ಭೇಟಿ ಮೊಂತಿ ಫೆಸ್ತ್ (ಮಾತೆ ಮರಿಯಳ ಜನ್ಮದಿನದ ಹಬ್ಬ) ಕಳೆದ ಮೇಲೆ, ಅಮ್ಮನ ಜೊತೆ.