ಎರಡೇ ದಿನದಲ್ಲಿ ಹೋಟೆಲು ಏಳುತ್ತದಾ?

ಪ್ರಶ್ನೆ: ನಷ್ಟದ ಹೋಟೆಲಿಗೆ ಟಿ.ವಿ.ಯವರು ನುಗ್ಗಿ ಎರಡೇ ದಿನದಲ್ಲಿ ಸರಿಮಾಡುತ್ತಾರಲ್ಲ, ಆಗುವ ಮಾತಾ? ನನ್ನ ಚಾ ಹೋಟೆಲೂ ಕುಂಟುತ್ತಿದೆ.
– ಓದುಗರು, ಬದಿಯಡ್ಕ

ಉತ್ತರ: ನೀವು ನೋಡಿದ್ದು ಅಮೆರಿಕದ ‘ರೆಸ್ಟೋರೆಂಟ್: ಇಂಪಾಸಿಬಲ್’ ಇರಬೇಕು. 2011ರಲ್ಲಿ ಶುರುವಾದದ್ದು. ಅದನ್ನು ನಡೆಸುವ ಬಾಣಸಿಗ ರಾಬರ್ಟ್ ಇರ್ವಿನ್ ಕೈಗೆ 2 ದಿನ, 10,000 ಡಾಲರ್. ಗೋಡೆ ಒಡೆಯುವುದು, ಬೈಯುವುದು, ಅಳು, ಹೊಸ ಕುರ್ಚಿ. ಅದೆಲ್ಲ ಕ್ಯಾಮೆರಾಕ್ಕೆ. ಹಾಗೆ ಎದ್ದ ಎಷ್ಟೋ ಹೋಟೆಲುಗಳು ಆಮೇಲೆ ಮುಚ್ಚಿವೆ. ಆದರೆ ಮೆನು ಚಿಕ್ಕದು ಮಾಡಿ, ಮಾಲೀಕರನ್ನು ಲೆಕ್ಕಕ್ಕೆ ಕೂರಿಸುತ್ತಾರಲ್ಲ, ಅದನ್ನು ಮಾತ್ರ ಬಿಡದೆ ನೋಡಿ.

ಕುಂಬಳೆಯಲ್ಲಿ ನಮ್ಮಪ್ಪನಿಗೂ ಹೋಟೆಲಿತ್ತು. ಬೋರ್ಡಿನಲ್ಲಿ 22 ತಿಂಡಿ. ಸಂಜೆಗೆ ಖಾಲಿಯಾಗುತ್ತಿದ್ದುದು ಗೋಳಿಬಜೆ ಒಂದೇ. ಉಳಿದ ಬನ್ಸ್ ರಾತ್ರಿ ನಮ್ಮ ಊಟ. (ಇವತ್ತಿಗೂ ಬನ್ಸ್ ಕಂಡರೆ ನಾನು ಓಡುತ್ತೇನೆ.) ಸಾಲದ ಪುಸ್ತಕದಲ್ಲಿ ಅಪ್ಪ ಬರೆದದ್ದು: ‘ಬಿಳಿ ಅಂಗಿ, 3 ಚಾ’. ಹೆಸರೇ ಇಲ್ಲ! ಕುಂಬಳೆ ಪೇಟೆಯಲ್ಲಿ ಬಿಳಿ ಅಂಗಿಯವರಿಗೆ ಬರವಾ?

ನೀವು ಸುಮ್ನೆ ಬಣ್ಣ ಬಳಿಸಬೇಡಿ. ಒಂದು ವಾರ, ರಾತ್ರಿ ಎಸೆಯುವ ತಿಂಡಿ ಎಣಿಸಿ ಬರೆದಿಡಿ. ಜಾಸ್ತಿ ಉಳಿಯುವ ಮೂರನ್ನು ನಿಲ್ಲಿಸಿ. ಸಾಲ ಹೇಳಿದವರ ಹೆಸರನ್ನಾದರೂ ಕೇಳಿ, ಅಂಗಿಯ ಬಣ್ಣ ಸಾಲದು.