ಫ್ರಾಂಕ್ಲಿನ್ ತಂಡದ ಗತಿ ಯಾರಿಗೆ ತಿಳಿದಿತ್ತು?

ಮಾನ್ಯರೇ,

ಕಳೆದ ಸಂಚಿಕೆಯ ಧ್ರುವಯಾನ ಲೇಖನದಲ್ಲಿ ‘ಸರ್ ಜಾನ್ ಫ್ರಾಂಕ್ಲಿನ್ನರ ತಂಡಕ್ಕೆ ಏನಾಯಿತೆಂಬುದು 2014ರವರೆಗೆ ಯಾರಿಗೂ ತಿಳಿದಿರಲಿಲ್ಲ’ ಎಂದು ಅಚ್ಚಾಗಿತ್ತು. ಆ ತಂಡ ಕಣ್ಮರೆಯಾದ ಉತ್ತರ ಕೆನಡಾದ ಹಿಮಸೀಮೆಯಲ್ಲೇ ಬಾಳುತ್ತಿದ್ದ ಮೂಲನಿವಾಸಿಗಳಾದ ಇನುಯಿಟ್ ಜನರು ನಮ್ಮ ಲೆಕ್ಕಕ್ಕೆ ಇಲ್ಲವೇ ಎಂದು ತಾವು ಕೇಳಿದ್ದೀರಿ. ಕರಡು ತಿದ್ದುವಾಗ ಆ ವಾಕ್ಯವನ್ನು ಓದಿಯೂ ಹಾಗೆಯೇ ಬಿಟ್ಟವನು ನಾನು. ಆದ್ದರಿಂದ ಈ ಉತ್ತರವನ್ನೂ ನಾನೇ ಬರೆಯುತ್ತಿದ್ದೇನೆ.

ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಉತ್ತರದ ಹಿಮಸಾಗರದ ಮೂಲಕ ದಾರಿ ಹುಡುಕಲು ಬ್ರಿಟಿಷ್ ನೌಕಾಧಿಕಾರಿ ಫ್ರಾಂಕ್ಲಿನ್ನರ ನೇತೃತ್ವದಲ್ಲಿ ಎರೆಬಸ್ ಮತ್ತು ಟೆರರ್ ಹಡಗುಗಳು 1845ರ ಮೇ ತಿಂಗಳಲ್ಲಿ ಇಂಗ್ಲೆಂಡಿನಿಂದ ಹೊರಟವು. 1846ರ ಸೆಪ್ಟೆಂಬರಿನಲ್ಲಿ ಕಿಂಗ್ ವಿಲಿಯಂ ದ್ವೀಪದ ಹತ್ತಿರ ಅವು ಹಿಮಗಡ್ಡೆಯಲ್ಲಿ ಸಿಕ್ಕಿಕೊಂಡವು. ಮರುವರ್ಷ ಫ್ರಾಂಕ್ಲಿನ್ ತೀರಿಕೊಂಡರು. 1848ರ ಏಪ್ರಿಲ್‌ನಲ್ಲಿ, ಉಳಿದಿದ್ದ 105 ಮಂದಿ ಹಡಗು ತೊರೆದು ದಕ್ಷಿಣಕ್ಕೆ ನಡೆದರು. ಹೋದ 129 ಮಂದಿಯಲ್ಲಿ ಒಬ್ಬರೂ ಮರಳಲಿಲ್ಲ.

ಇವರ ಗತಿಯ ಸುದ್ದಿ ಮೊದಲು ದೊರೆತದ್ದು 1854ರಲ್ಲಿ, ಕೆನಡಾದಲ್ಲಿ ತುಪ್ಪಳದ ವ್ಯಾಪಾರ ನಡೆಸುತ್ತಿದ್ದ ಹಡ್ಸನ್ ಬೇ ಕಂಪನಿಯ ವೈದ್ಯ ಜಾನ್ ರೇ ಅವರಿಗೆ. ಹಿಮದ ಮನೆ ಕಟ್ಟುವುದನ್ನು ಇನುಯಿಟ್ ಜನರಿಂದಲೇ ಕಲಿತಿದ್ದ ರೇ, ಒಬ್ಬ ಬೇಟೆಗಾರನ ತಲೆಯ ಮೇಲೆ ಚಿನ್ನದ ಜರಿಯ ಟೋಪಿಪಟ್ಟಿಯನ್ನು ಕಂಡು ಅದು ಎಲ್ಲಿಯದೆಂದು ವಿಚಾರಿಸಿದರು. ದೋಣಿಯೊಂದನ್ನು ಎಳೆದುಕೊಂಡು ಹೋಗುತ್ತಿದ್ದ ಬಿಳಿಯರ ಗುಂಪು, ಆಮೇಲೆ ಸಿಕ್ಕ ಹೆಣಗಳು, ಹಸಿವು ಮಿತಿಮೀರಿ ಸತ್ತವರನ್ನೇ ತಿಂದ ಗುರುತುಗಳು, ಹೀಗೆ ಒಂದೊಂದೂ ಹೊರಬಂತು. ಫ್ರಾಂಕ್ಲಿನ್ನರ ಹೆಸರು ಕೆತ್ತಿದ್ದ ಸಣ್ಣ ಬೆಳ್ಳಿ ತಟ್ಟೆಯನ್ನೂ ಚಮಚಗಳನ್ನೂ ರೇ ಕೊಂಡು ತಂದರು. ಲಂಡನ್ನಿನಲ್ಲಿ ತಟ್ಟೆಯನ್ನು ನಂಬಿದವರು ಅದನ್ನು ಕೊಟ್ಟವರ ಮಾತನ್ನು ನಂಬಲಿಲ್ಲ. ಚಾರ್ಲ್ಸ್ ಡಿಕನ್ಸ್ ತಮ್ಮ ವಾರಪತ್ರಿಕೆಯಲ್ಲಿ, ಇನುಯಿಟ್ ಜನರೇ ಅವರನ್ನು ಕೊಂದಿರಬಾರದೇಕೆ ಎಂಬ ಶಂಕೆಯನ್ನು ಮುಂದಿಟ್ಟರು. ಪುರಾವೆಯಿಲ್ಲದೆ ಒಂದು ಜನಾಂಗದ ಮೇಲೆ ಹೊರಿಸಿದ ಈ ಆರೋಪವನ್ನು ಓದುವಾಗ ಇಂದಿಗೂ ನನಗೆ ನೋವಾಗುತ್ತದೆ.

ಈ ತಂಡವನ್ನು ಹುಡುಕಿ ಹೋದ ನೌಕಾಧಿಕಾರಿ ಮ್ಯಾಕ್ಲಿಂಟಾಕ್ 1859ರಲ್ಲಿ ಕಂಡ ದೋಣಿಯೊಂದನ್ನು ಲೇಖನದಲ್ಲಿ ಬಿಟ್ಟದ್ದೂ ನಮ್ಮ ಲೋಪವೇ. ಭಾರವಾದ ಜಾರುಬಂಡಿಯ ಮೇಲೆ ಕಟ್ಟಿದ್ದ ಅದರಲ್ಲಿ ಎರಡು ಅಸ್ಥಿಪಂಜರಗಳು, ಜೇಬಿನ ಗಡಿಯಾರಗಳು, ಪುಸ್ತಕಗಳು, ಬೆಳ್ಳಿಯ ಚಮಚಗಳು, ಚಹಾ ಮತ್ತು ಚಾಕೊಲೇಟ್ ಇದ್ದವು. ಅದರ ಮೂತಿ ಬಿಟ್ಟುಬಂದ ಹಡಗುಗಳ ಕಡೆಗೇ ತಿರುಗಿತ್ತು.

ಇನುಯಿಟ್ ಜನರು ನೆರವಾಗಬಹುದಿತ್ತಲ್ಲವೇ ಎಂಬ ತಮ್ಮ ಎರಡನೆಯ ಪ್ರಶ್ನೆಗೆ ಹೌದೆನ್ನಲಾರೆ. ಚಿಕ್ಕ ಚಿಕ್ಕ ಕುಟುಂಬಗಳು ಸೀಲ್ ಬೇಟೆಯಿಂದ ಕಷ್ಟಪಟ್ಟು ಹೊಟ್ಟೆ ಹೊರೆಯುತ್ತಿದ್ದ ಆ ನೆಲ ನೂರು ಮಂದಿಗೆ ಒಮ್ಮೆಲೇ ಅನ್ನವಿಡುವಂಥದ್ದಲ್ಲ.

ಸತ್ತವರನ್ನು ತಿಂದರೆಂಬ ಇನುಯಿಟ್ ಜನರ ಮಾತಿಗೆ ಸಾಕ್ಷಿಯಾಗಿ, ತಂಡದವರ ಮೂಳೆಗಳ ಮೇಲಿನ ಕತ್ತಿಯ ಗೀರುಗಳನ್ನು ವಿಜ್ಞಾನಿಗಳು 1990ರ ದಶಕದಲ್ಲಿ ಗುರುತಿಸಿದರು. ಎರೆಬಸ್ 2014ರಲ್ಲಿ ಸಿಕ್ಕಿದ್ದು, ಹಡಗೊಂದು ಮುಳುಗಿದೆಯೆಂದು ಇನುಯಿಟ್ ಹಿರಿಯರು ತಲೆಮಾರುಗಳಿಂದ ಹೇಳುತ್ತ ಬಂದಿದ್ದ ಸಮುದ್ರಭಾಗದಲ್ಲೇ; 2016ರಲ್ಲಿ ಟೆರರ್ ಸಿಕ್ಕಿದ್ದೂ ಹಿಮದಿಂದ ಮೇಲೆ ಚಾಚಿದ್ದ ಕಂಬವೊಂದನ್ನು ಹಿಂದೆ ಕಂಡಿದ್ದ ಇನುಯಿಟ್ ಒಬ್ಬರ ಮಾತಿನ ಮೇಲೆ.

ನಮ್ಮ ವಾಕ್ಯವನ್ನು ‘ಇನುಯಿಟ್ ಜನರಿಗೆ ತಿಳಿದಿತ್ತು, 1854ರಲ್ಲೇ ಅವರು ಹೇಳಿಯೂ ಇದ್ದರು’ ಎಂದು ತಿದ್ದಿ ಓದಿಕೊಳ್ಳಬೇಕಾಗಿ ಎಲ್ಲ ಓದುಗರಲ್ಲಿ ಕೋರುತ್ತೇನೆ.

— ಸಂಪಾದಕ