ನೋರಾ ಈಗಲೂ ಬೇಕಾ?

ಪ್ರಶ್ನೆ: ನಾರ್ವೆಯ ನಾಟಕಕಾರ ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ 1879ರ ನಾಟಕ, ನೋರಾ ಅದರ ನಾಯಕಿ. ಈಗ ಹೆಂಗಸರು ದುಡಿಯುತ್ತಾರೆ, ವಿಚ್ಛೇದನವೂ ಸಿಗುತ್ತದೆ. ಮತ್ತೆ ಅದನ್ನೇ ಯಾಕೆ ಆಡಬೇಕು?

ಉತ್ತರ: ಆಡಲೇಬೇಕು. ಗಂಡನ ಜೀವ ಉಳಿಸಲು ಸುಳ್ಳು ಸಹಿ ಹಾಕಿ ಸಾಲ ತಂದವಳು ನೋರಾ. ವಿಷಯ ಗೊತ್ತಾದ ಕೂಡಲೇ ಅವಳನ್ನು ಬಾಯಿಗೆ ಬಂದಂತೆ ಬೈದ ಗಂಡ, ಅಪಾಯ ತಪ್ಪಿದ ಮರುಕ್ಷಣವೇ ‘ಎಲ್ಲ ಕ್ಷಮಿಸಿದ್ದೇನೆ’ ಅಂತಾನಲ್ಲ, ಅಲ್ಲೇ ಅವಳ ಮನಸ್ಸು ಮುರಿಯುತ್ತದೆ. ಅದಕ್ಕೆ ಯಾವ ಕಾನೂನು ಮದ್ದು? 2023ರಲ್ಲಿ ನ್ಯೂಯಾರ್ಕ್‌ನ ಹಡ್ಸನ್ ಥಿಯೇಟರಿನಲ್ಲಿ ನಿರ್ದೇಶಕ ಜೇಮೀ ಲಾಯ್ಡ್ ಈ ನಾಟಕವನ್ನು ಖಾಲಿ ರಂಗದ ಮೇಲೆ, ಬರೀ ಕುರ್ಚಿಗಳನ್ನಿಟ್ಟು ಆಡಿಸಿದರು. ನಾಟಕದ ಕೊನೆಗೆ ನೋರಾ ಗಂಡನ ಮನೆ ಬಿಟ್ಟು ಹೊರಡುತ್ತಾಳೆ; ಇಲ್ಲಿ ನೋರಾ ಆಗಿದ್ದ ನಟಿ ಜೆಸ್ಸಿಕಾ ಚಾಸ್ಟೇನ್ ಥಿಯೇಟರಿನ ಬಾಗಿಲು ದಾಟಿ ನಿಜವಾದ ರಸ್ತೆಗೇ ನಡೆದುಬಿಟ್ಟರು. ನನಗೆ ಇದೇ ಸರಿ ಅನಿಸುತ್ತದೆ. ಹಳೇ ಸೋಫಾ, ಕ್ರಿಸ್‌ಮಸ್ ಮರ ಎಲ್ಲ ಇಟ್ಟರೆ ‘ಅದು ಆಗಿನ ಕಾಲದ ಕಥೆ’ ಅಂತ ನಾವು ಸುಮ್ನೆ ತಪ್ಪಿಸಿಕೊಳ್ಳಬಹುದು, ಅಲ್ವಾ?